ಎಲ್ಲರ ಮುಂದೆ, ಯಾರ ಪರವಾಗಿ?

ಮಾನ್ಯ ಸಭಾಪಾಲಕರೇ,

ನಿಮ್ಮ ಪತ್ರ ತಲುಪಿತು. ಹೆಸರು ಅಚ್ಚಾಗುವುದು ಬೇಡ ಎಂದಿದ್ದೀರಿ, ಹಾಗೇ ಆಗಲಿ. ಕ್ರೈಸ್ತ ಕಾಲೇಜೊಂದರ ಪದವಿ ಪ್ರದಾನ ಸಮಾರಂಭದಲ್ಲಿ ಪ್ರಾರ್ಥನೆ ಮಾಡುವ ಹೊಣೆ ನಿಮಗೆ ಬಂದಿದೆ. ಪದವಿ ಪಡೆಯುವವರಲ್ಲಿ ಅನ್ಯಧರ್ಮದವರಿದ್ದಾರೆ, ಯಾವ ಧರ್ಮವೂ ಬೇಡವೆನ್ನುವವರಿದ್ದಾರೆ. ‘ಎಲ್ಲರಿಗೂ ಒಪ್ಪುವ ಹಾಗೆ ಮಾಡಿ’ ಎಂದು ಪ್ರಾಂಶುಪಾಲರು ಹೇಳಿದ್ದಾರಂತೆ. ಯೇಸುವಿನ ಹೆಸರು ಬಿಟ್ಟರೆ ನಂಬಿಕೆಗೆ ದ್ರೋಹ, ಹೇಳಿದರೆ ಬಂದವರಿಗೆ ಮುಜುಗರ, ಏನು ಮಾಡಲಿ ಎಂದು ಕೇಳಿದ್ದೀರಿ.

ಹೆಸರು ಹೇಳಿ. ನಿಮ್ಮನ್ನು ಕರೆದಿರುವುದು ಸಭಾಪಾಲಕರೆಂದು. ಸಭಾಪಾಲಕರು ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸಿದರೆ ಯಾರೂ ಬೆಚ್ಚಿಬೀಳುವುದಿಲ್ಲ. ನನಗೆ ಕಸಿವಿಸಿಯಾಗುವುದು ಬೇರೆ ಕಡೆ. ‘ನಿನ್ನ ರಕ್ತದಿಂದ ವಿಮೋಚನೆ ಹೊಂದಿದ ನಾವೆಲ್ಲರೂ ಈ ದಿನ ನಿನ್ನ ಸನ್ನಿಧಿಯಲ್ಲಿ ಕೂಡಿಬಂದಿದ್ದೇವೆ’ ಎಂದು ಶುರುಮಾಡುತ್ತೇವಲ್ಲ, ಅಲ್ಲಿ. ಭಾನುವಾರದ ಆರಾಧನೆಯಲ್ಲಿ ಅದು ಸತ್ಯ. ಪದವಿ ಸಭಾಂಗಣದಲ್ಲಿ, ಕಪ್ಪು ಗೌನು ತೊಟ್ಟು ತಲೆ ತಗ್ಗಿಸಿ ನಿಂತಿರುವ ಮುಸ್ಲಿಂ ಹುಡುಗಿಯ ಬಾಯಿಗೆ ಅವಳು ಆಡದ ಅರಿಕೆಯನ್ನು ನೀವು ತುರುಕಿದಂತಾಯಿತು. ಅದೂ ದೇವರ ಮುಂದೆ. ಅವಳಿಗೆ ಅದು ಅಗೌರವ. ಪ್ರಾರ್ಥಿಸಿದ ನಮಗೆ ಅದು ಸುಳ್ಳು.

ಹೆಸರನ್ನು ತೆಗೆದುಬಿಟ್ಟರೆ ಇದು ಸರಿಹೋಗುತ್ತದೆ ಎಂಬ ಭ್ರಮೆ ಹಲವರಿಗಿದೆ. ಅಮೆರಿಕದ ಒಂದು ಮೊಕದ್ದಮೆ ನೋಡಿ. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ ಸರ್ಕಾರಿ ಶಾಲೆಯೊಂದರ ಪದವಿ ಸಮಾರಂಭಕ್ಕೆ ಯೆಹೂದಿ ಧರ್ಮಗುರುವೊಬ್ಬರನ್ನು (ರಬ್ಬಿ) ಕರೆದಿದ್ದರು. ಯಾವ ಪಂಥಕ್ಕೂ ವಾಲದ ಪ್ರಾರ್ಥನೆ ಇರಲಿ ಎಂದು ಶಾಲೆಯ ಮುಖ್ಯಸ್ಥರು ಅವರ ಕೈಗೆ ಮಾರ್ಗಸೂಚಿಯ ಕಿರುಹೊತ್ತಿಗೆಯನ್ನೂ ಕೊಟ್ಟಿದ್ದರು. ರಬ್ಬಿ ಹಾಗೆಯೇ ಪ್ರಾರ್ಥಿಸಿದರು. ಆದರೂ ‘ಲೀ ವಿರುದ್ಧ ವೈಸ್‌ಮನ್’ ಎಂದು ಹೆಸರಾದ ಆ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು 5–4ರ ಬಹುಮತದಿಂದ ಅದನ್ನು ಸಂವಿಧಾನಬಾಹಿರ ಎಂದಿತು. ಪ್ರಾರ್ಥನೆಯ ಮಾತುಗಳು ಎಷ್ಟು ಸೌಮ್ಯವಾಗಿದ್ದವು ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಬದುಕಿನಲ್ಲಿ ಒಮ್ಮೆ ಬರುವ ಸಮಾರಂಭಕ್ಕೆ ಬೇಕಿದ್ದರೆ ಬಾ, ಇಲ್ಲದಿದ್ದರೆ ಬಿಡು ಎಂದು ಎಳೆಯ ವಿದ್ಯಾರ್ಥಿಗೆ ಹೇಳುವುದು ಆಯ್ಕೆ ಕೊಟ್ಟಂತಲ್ಲ. ಎಲ್ಲರ ಜೊತೆ ಸುಮ್ಮನೆ ಎದ್ದು ನಿಲ್ಲುವುದೂ ಪಾಲ್ಗೊಂಡಂತೆಯೇ ಕಾಣುತ್ತದೆ ಎಂಬುದು ಬಹುಮತದ ವಾದ. ಆ ತೀರ್ಪು ಸರ್ಕಾರಿ ಶಾಲೆಗಳ ಮಾತು. ಖಾಸಗಿ ಕ್ರೈಸ್ತ ಕಾಲೇಜನ್ನು ಅದು ಕಟ್ಟಿಹಾಕುವುದಿಲ್ಲ. ಕಾನೂನು ಕಟ್ಟಿಹಾಕದ ಕಡೆ ಸೌಜನ್ಯ ಹೆಚ್ಚು ಬೇಕಾಗುತ್ತದೆ ಎನ್ನುವವನು ನಾನು.

ಇನ್ನೊಂದು ಪ್ರಕರಣ ನನ್ನನ್ನು ಹೆಚ್ಚು ಕಾಡುತ್ತದೆ. 1990ರ ದಶಕದಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಭಾರತ ಮೂಲದ ಹಿಂದೂ ಪ್ರಾಧ್ಯಾಪಕರೊಬ್ಬರು ಸಮಾರಂಭಗಳ ಪ್ರಾರ್ಥನೆಗೆ ಆಕ್ಷೇಪವೆತ್ತಿದರು. ಕೊನೆಗೆ ಆಡಳಿತ ಪ್ರಾರ್ಥನೆಯ ಬದಲು ಮೌನಾಚರಣೆ ಇಟ್ಟಿತು. ಒಂದು ಪದವಿ ಸಮಾರಂಭದಲ್ಲಿ ಆ ಮೌನದ ನಡುವೆಯೇ ಸಭಿಕರಲ್ಲಿ ಕೆಲವರು ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿದರು, ಅದಕ್ಕೆ ಜೋರು ಚಪ್ಪಾಳೆಯೂ ಬಿತ್ತು. 1997ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಶ್ವವಿದ್ಯಾಲಯದ ಪರವೇ ತೀರ್ಪು ಕೊಟ್ಟಿತು, ಅದಿರಲಿ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಅದರ ಮೊದಲ ಮಾತನ್ನು ಒಬ್ಬ ಮನುಷ್ಯನ ಮೇಲೆ ಗೆದ್ದ ಘೋಷಣೆಯ ಹಾಗೆ ಬಳಸಿದಾಗ ಅದರಲ್ಲಿ ಪ್ರಾರ್ಥನೆ ಎಷ್ಟು ಉಳಿಯಿತು? ಜನರಿಗೆ ಕಾಣಲೆಂದು ಪ್ರಾರ್ಥಿಸಬೇಡಿ ಎಂದು ಯೇಸು ಹೇಳಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ. ಈ ಪ್ರಾರ್ಥನೆಯನ್ನು ಕಲಿಸಿದ್ದೂ ಅದೇ ಅಧ್ಯಾಯದಲ್ಲಿ. ಅಂದಹಾಗೆ ಆ ಪ್ರಾರ್ಥನೆಯಲ್ಲಿ ‘ಯೇಸುವಿನ ನಾಮದಲ್ಲಿ’ ಎಂಬ ಮುಕ್ತಾಯವೇ ಇಲ್ಲ. ಹಾಗಾಗಿ ಆ ಮಾತು ಬಾಯಿಗೆ ಬಾರದ ದಿನ ನಿಮ್ಮ ನಂಬಿಕೆ ಕಳಚಿಬಿತ್ತೆಂದು ಯಾರಾದರೂ ಅಂದರೆ ತಲೆಕೆಡಿಸಿಕೊಳ್ಳಬೇಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಎಲ್ಲರ ಪರವಾಗಿ ಬೇಡುವ ಬದಲು ಎಲ್ಲರಿಗಾಗಿ ಬೇಡುತ್ತಿದ್ದೆ. ಬೈಬಲಿನ ಅರಣ್ಯಕಾಂಡದ 6ನೇ ಅಧ್ಯಾಯದಲ್ಲಿ ಯಾಜಕ ಆರೋನನಿಗೆ ಕಲಿಸಿದ ಆಶೀರ್ವಾದವಿದೆ: ಕಾಪಾಡಲಿ, ದಯವಿಡಲಿ, ಶಾಂತಿ ಕೊಡಲಿ. ಹೀಬ್ರೂವಿನಲ್ಲಿ ಬರೀ 15 ಪದ. ಕೇಳುವವರು ಏನನ್ನೂ ಒಪ್ಪಿಕೊಳ್ಳಬೇಕಿಲ್ಲ, ಸುಮ್ಮನೆ ಪಡೆದರಾಯಿತು. ಅದೇ ಜಾಡಿನಲ್ಲಿ ಹೀಗೆ ಹೇಳಬಹುದು:

‘ನಾನು ಕ್ರೈಸ್ತನಾಗಿ ಪ್ರಾರ್ಥಿಸುತ್ತೇನೆ; ನೀವು ನಿಮ್ಮ ನಿಮ್ಮ ರೀತಿಯಲ್ಲಿ ಜೊತೆಗಿರಬಹುದು. ಕರ್ತನೇ, ಇಂದು ಪದವಿ ಪಡೆಯುವ ಈ ಮಕ್ಕಳನ್ನು ಕಾಪಾಡು. ಇವರನ್ನು ಓದಿಸಲು ತಮ್ಮ ಆಸೆಗಳನ್ನು ಬದಿಗಿಟ್ಟವರನ್ನು ನೆನೆ. ಕೆಲಸ ಸಿಗದೆ ಕಾಯುವ ದಿನಗಳಲ್ಲಿ ಇವರ ಕೈಬಿಡಬೇಡ. ಕಲಿತದ್ದನ್ನು ಇನ್ನೊಬ್ಬರನ್ನು ತುಳಿಯಲು ಬಳಸದ ಬುದ್ಧಿ ಕೊಡು. ಯೇಸುವಿನ ಹೆಸರಿನಲ್ಲಿ ನಾನು ಬೇಡುತ್ತೇನೆ, ಆಮೆನ್.’

ಇಷ್ಟೇ ಸಾಕು. ಕಾಲೇಜಿನ ಇತಿಹಾಸ, ಅತಿಥಿಗಳ ಬಿರುದುಬಾವಲಿ, ಹೊಸ ಕಟ್ಟಡಕ್ಕೆ ಬೇಕಾದ ಹಣ, ಇವನ್ನೆಲ್ಲ ದೇವರಿಗೆ ವರದಿ ಒಪ್ಪಿಸುವ ಪ್ರಾರ್ಥನೆಗಳನ್ನು ಸಾಕಷ್ಟು ಕೇಳಿದ್ದೇನೆ. ಆತನಿಗೆ ಗೊತ್ತಿರುತ್ತದೆ. ಕಣ್ಣು ಮುಚ್ಚಿ ಕೂತವರಿಗೆ ಪ್ರಸಂಗ ಮಾಡುವುದಂತೂ ಬೇಡವೇ ಬೇಡ. ಅವರು ಎದ್ದು ಹೋಗುವಂತಿಲ್ಲ.

ಇನ್ನು ಪ್ರಾಂಶುಪಾಲರ ವಿಷಯ. ಬರೆದದ್ದನ್ನು ಅವರಿಗೆ ಮೊದಲೇ ತೋರಿಸಿ. ನಿರೂಪಕರು ‘ಎಲ್ಲರೂ ಎದ್ದು ನಿಲ್ಲಿ’ ಎನ್ನದೆ, ‘ಇಷ್ಟವಿದ್ದವರು ಎದ್ದು ನಿಲ್ಲಬಹುದು’ ಎನ್ನಲಿ ಎಂದು ಕೇಳಿಕೊಳ್ಳಿ. ಇಷ್ಟಾದ ಮೇಲೂ ಅವರು ಯೇಸುವಿನ ಹೆಸರು ಬೇಡವೇ ಬೇಡ ಎಂದರೆ ಜಗಳವಾಡಬೇಡಿ. ಹಾಗಿದ್ದರೆ ಒಂದು ನಿಮಿಷದ ಮೌನವನ್ನೇ ಇಟ್ಟುಕೊಳ್ಳಿ ಎಂದು ಹೇಳಿ, ಸಭಿಕರ ಸಾಲಿನಲ್ಲಿ ಹೋಗಿ ಕುಳಿತುಕೊಳ್ಳಿ.

— ಸಂಪಾದಕ