ಹಿಮ ನಿಂತ ಮರುದಿನದ ಬಿಸಿಲನ್ನು ನಂಬಬಹುದೇ?

ಪ್ರಶ್ನೆ: ಬೆಂಗಳೂರಿನವನಾದ ನಾನು ಎರಡು ಚಳಿಗಾಲ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿತಿದ್ದೇನೆ. ಈ ಸಲ ಗೆಳೆಯರೊಂದಿಗೆ ಗೊಂಡೋಲಾ ಎಂಬ ಕೇಬಲ್ ಕಾರಿನಲ್ಲಿ ಅಫರ್ವಾತ್ ಬೆಟ್ಟದ ಮೇಲಕ್ಕೆ ಹೋಗಿ, ಗಸ್ತು ಸಿಬ್ಬಂದಿ ನೋಡಿಕೊಳ್ಳುವ ಎಲ್ಲೆಯ ಆಚೆ ಇಳಿಯಬೇಕೆಂದಿದ್ದೇವೆ. ಎರಡು ದಿನ ಹಿಮ ಸುರಿದು ಮೂರನೆಯ ದಿನ ಬಿಸಿಲು ಬಂದರೆ ಹೊರಡಬಹುದೇ? ಇನ್ನೊಂದು ಸಂಶಯ: ಸಿಯಾಚಿನ್‌ನಲ್ಲಿ ನಮ್ಮ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಬದುಕಿದ್ದರು. ಹಾಗಿದ್ದೂ ಹೂತವರನ್ನು ಹದಿನೈದು ನಿಮಿಷದೊಳಗೆ ಹೊರತೆಗೆಯಬೇಕು ಎನ್ನುವುದೇಕೆ?

ಉತ್ತರ: ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಿಕೊಳ್ಳೋಣ. ಆಕಾಶದಿಂದ ಹಿಮ ಬೀಳುವುದಕ್ಕೂ, ಬಿದ್ದ ಹಿಮ ಬೆಟ್ಟದಿಂದ ಕಳಚಿ ಜಾರುವುದಕ್ಕೂ ನಮ್ಮಲ್ಲಿ ‘ಹಿಮಪಾತ’ ಎಂದೇ ಬರೆಯುವ ರೂಢಿಯಿದೆ. ಎರಡನೆಯದನ್ನು ಇಲ್ಲಿ ಹಿಮಕುಸಿತ ಎನ್ನುತ್ತೇನೆ. ಏಕೆಂದರೆ ಮೊದಲನೆಯದು ನಿಂತಿತೆಂದು ನಾವು ನಿಟ್ಟುಸಿರು ಬಿಡುವ ಹೊತ್ತಿಗೇ ಎರಡನೆಯದರ ಅಪಾಯ ಏರಿರುತ್ತದೆ.

ಆದ್ದರಿಂದ ಆ ಮೂರನೆಯ ದಿನ ಕಡಿದಾದ ಇಳಿಜಾರಿಗೆ ಹೋಗಬೇಡಿ. ಹೊಸ ಹಿಮ ಕೆಳಗಿನ ಹಳೆಯ ಪದರಕ್ಕೆ ಅಂಟಿಕೊಳ್ಳಲು ಸಮಯ ಬೇಕು, ಮತ್ತು ಸುರಿತ ನಿಂತ ಮೊದಲ 24ರಿಂದ 48 ಗಂಟೆಗಳು ಸಾಮಾನ್ಯವಾಗಿ ಅತ್ಯಂತ ಅಪಾಯದವು. ಗಾಳಿಯದು ಬೇರೆಯೇ ಲೆಕ್ಕ. ಊರಿನಲ್ಲಿ 30 ಸೆಂ.ಮೀ. ಹಿಮ ಬಿದ್ದಿದ್ದರೆ, ಏಣಿನ ಒಂದು ಮಗ್ಗುಲಿನಿಂದ ಗಾಳಿ ಹೊತ್ತು ತಂದದ್ದೂ ಸೇರಿ ಮರೆಯ ಮಗ್ಗುಲಿನಲ್ಲಿ ಅದರ ಹಲವು ಪಟ್ಟು ಕೂತಿರಬಹುದು. ಮೇಲೆ ನಿಂತವರಿಗೆ ಆ ಮಗ್ಗುಲೇ ನುಣುಪಾಗಿ, ಇಳಿಯಲು ಹೇಳಿ ಮಾಡಿಸಿದಂತೆ ಕಾಣುತ್ತದೆ.

ಎರಡು ದಿನ ಕಾದರೆ ಸಾಕೇ ಎಂದರೆ, ಕೆಲವು ವರ್ಷ ಸಾಲದು. ಚಳಿಗಾಲದ ಆರಂಭದಲ್ಲಿ ತೆಳುವಾಗಿ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಮೋಡವಿಲ್ಲದ ಕೊರೆಯುವ ರಾತ್ರಿಗಳು ಬಂದರೆ, ಆ ಹಿಮ ಸಕ್ಕರೆ ಹರಳಿನಂತಾಗುತ್ತದೆ. ಸಲಿಕೆಯಿಂದ ಗುಂಡಿ ತೋಡಿ ಅಡಿಯ ಪದರವನ್ನು ಕೈಗೆತ್ತಿಕೊಂಡು ನೋಡಿ: ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಅದರ ಮೇಲೆ ಹೊಸ ಹಿಮ ಹಲಗೆಯಂತೆ ಗಟ್ಟಿಯಾಗಿ ಕೂತರೆ, ಒಬ್ಬ ಸ್ಕೀಯರ್‌ನ ಭಾರಕ್ಕೇ ಇಡೀ ಹಲಗೆ ಬಿರಿದು ಜಾರಬಹುದು, ಮತ್ತು ಈ ಸ್ಥಿತಿ ವಾರಗಳವರೆಗೆ ಉಳಿಯಬಹುದು. ಕಾಲಡಿಯಲ್ಲಿ ‘ಧುಮ್’ ಎಂಬ ಸದ್ದಿನೊಂದಿಗೆ ಹಿಮ ಕುಸಿದಂತಾದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತದ ಗುರುತು ಕಂಡರೆ ಬೇರೆ ಪರೀಕ್ಷೆಯ ಅಗತ್ಯವಿಲ್ಲ, ಬಂದ ದಾರಿಯಲ್ಲೇ ಹಿಂತಿರುಗಿ. ಸ್ಕೀಯರ್‌ಗಳು ಸಿಲುಕುವ ಹಿಮಕುಸಿತಗಳಲ್ಲಿ ಹೆಚ್ಚಿನವನ್ನು ಎಬ್ಬಿಸುವವರು ಅವರೇ ಅಥವಾ ಅವರ ಜೊತೆಗಾರರೇ.

ಅಫರ್ವಾತ್‌ನಲ್ಲಿ ಇದು ಪುಸ್ತಕದ ಮಾತಲ್ಲ. 2023ರ ಫೆಬ್ರುವರಿ 1ರಂದು ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು ಗುಲ್ಮಾರ್ಗ್‌ನ ಹಿಮಕುಸಿತಗಳಲ್ಲಿ ತೀರಿಕೊಂಡರು.

ಹಿಮದ ಒಳಗನ್ನು ನೀವು ಪೂರ್ತಿ ಅರಿಯಲಾರಿರಿ, ಆದರೆ ಇಳಿಜಾರಿನ ಕೋನವನ್ನು ನೀವೇ ಆರಿಸಬಹುದು. ಹಲಗೆಯಂತಹ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಶುರುವಾಗುತ್ತವೆ. ಹಿಮ ಸುರಿದ ನಂತರ 30 ಡಿಗ್ರಿಗಿಂತ ಕಡಿಮೆಯಿರುವ, ನೆತ್ತಿಯ ಮೇಲೆ ಕಡಿದಾದ ಇಳಿಜಾರಿಲ್ಲದ ಜಾಗವನ್ನೇ ಹಿಡಿಯಿರಿ. ಕಣ್ಣಂದಾಜು ಮೋಸ ಮಾಡುತ್ತದೆ, ಕೋನಮಾಪಕದಿಂದ ಅಳೆಯಿರಿ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಜಿಆರ್‌ಇ ಕೊಡುವ ಹಿಮಕುಸಿತದ ಮುನ್ಸೂಚನೆಯನ್ನು ಹಿಂದಿನ ಸಂಜೆಯೇ ನೋಡಿ. ಅಪಾಯದ ಐದು ಮಟ್ಟಗಳಲ್ಲಿ ಮೂರನೆಯದೆಂದರೆ ‘ನಡುವಿನದು, ಪರವಾಗಿಲ್ಲ’ ಎಂದು ಓದಬೇಡಿ. ಆಲ್ಪ್ಸ್‌ನಲ್ಲಿ ಅತಿ ಹೆಚ್ಚು ಸ್ಕೀಯರ್‌ಗಳು ಸತ್ತಿರುವುದು ಆ ಮಟ್ಟದ ದಿನಗಳಲ್ಲೇ.

ಇನ್ನು ಹನುಮಂತಪ್ಪನವರ ವಿಷಯ. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮ ಕುಸಿದಾಗ ಅವರು ಡೇರೆಯೊಳಗಿದ್ದರು, ಮತ್ತು ಅಲ್ಲಿ ಉಳಿದಿದ್ದ ಗಾಳಿಯೇ ಅವರನ್ನು ಅಷ್ಟು ದಿನ ಉಳಿಸಿತೆಂದು ನಂಬಲಾಗಿದೆ. ಜೊತೆಗಿದ್ದ ಒಂಬತ್ತು ಮಂದಿ ಬದುಕಲಿಲ್ಲ. ಹನುಮಂತಪ್ಪನವರೂ ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಸ್ಕೀಯರ್‌ಗೆ ಡೇರೆಯ ಆಸರೆಯಿಲ್ಲ. ಜಾರಿ ಬಂದ ಹಿಮ ನಿಂತೊಡನೆ ಬಿಗಿದುಕೊಳ್ಳುತ್ತದೆ, ಬಿಟ್ಟ ಉಸಿರೇ ಮುಖದ ಮುಂದೆ ತುಂಬಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ, ಅರ್ಧ ಗಂಟೆ ಕಳೆದರೆ ಸುಮಾರು ಮೂರರಲ್ಲಿ ಒಬ್ಬರು. ಅಷ್ಟರೊಳಗೆ ಕೆಳಗಿನಿಂದ ರಕ್ಷಣಾ ತಂಡ ಬರುವುದು ಕಷ್ಟ, ತೋಡಬೇಕಾದವರು ನಿಮ್ಮ ಗೆಳೆಯರೇ.

ಹಾಗಾಗಿ ಪ್ರತಿಯೊಬ್ಬರಲ್ಲೂ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಹಿಮ ಚುಚ್ಚಿ ನೋಡುವ ಉದ್ದ ಕಡ್ಡಿ, ಲೋಹದ ಸಲಿಕೆ ಇರಬೇಕು. ಒಬ್ಬೊಬ್ಬರಾಗಿ ಇಳಿಯಿರಿ, ಉಳಿದವರು ಸುರಕ್ಷಿತ ಜಾಗದಿಂದ ಕಣ್ಣಿಟ್ಟಿರಲಿ. ಮೊಬೈಲನ್ನು ಟ್ರಾನ್ಸೀವರ್ ಇರುವ ಎದೆಯ ಜೇಬಿಗೆ ಹಾಕಬೇಡಿ, ಸಂಕೇತ ಕೆಡುತ್ತದೆ. ಹೊರಡುವ ಮುನ್ನ ಒಂದು ಟ್ರಾನ್ಸೀವರನ್ನು ಚೀಲದೊಳಗಿಟ್ಟು ಹಿಮದಲ್ಲಿ ಹೂತು, ಗಡಿಯಾರ ಹಿಡಿದು ಹುಡುಕಿ ನೋಡಿ. ಹತ್ತು ನಿಮಿಷದಲ್ಲಿ ಸಿಗದಿದ್ದರೆ ಈ ಚಳಿಗಾಲ ಗಸ್ತಿನ ಎಲ್ಲೆಯೊಳಗೇ ಇಳಿಯಿರಿ.