ಸರೋವರದ ಕೆಸರಲ್ಲಿ ಪಾದರಸ: ಎಲ್ಲದಕ್ಕೂ ಜ್ವಾಲಾಮುಖಿಯನ್ನು ಬೈಬೇಡಿ

ಪ್ರಶ್ನೆ: ಪಾದರಸವನ್ನು ಜ್ವಾಲಾಮುಖಿಗಳೇ ಉಗುಳುತ್ತವಂತೆ. ಸರೋವರದ ತಳದ ಕೆಸರಲ್ಲಿ ಅದಕ್ಕೆ ಸಾಕ್ಷಿಯೂ ಇದೆಯಂತೆ. ಮತ್ತೆ ಕಾರ್ಖಾನೆಗಳನ್ನು ಯಾಕೆ ದೂರಬೇಕು?

ಈ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಅರ್ಧ ನಿಜ ಇರುವುದರಿಂದಲೇ ಸಿಟ್ಟು ಜಾಸ್ತಿ.

ಜ್ವಾಲಾಮುಖಿ ಪಾದರಸ ಉಗುಳುವುದು ಹೌದು. ಆದರೆ ಅದು ಬಹುಪಾಲು ಅನಿಲವಾಗಿ ಹೊರಡುತ್ತದೆ, ಗಾಳಿಯಲ್ಲಿ ತಿಂಗಳುಗಟ್ಟಲೆ ಸುತ್ತಿ ಎಲ್ಲೋ ಮಳೆಯ ಜೊತೆ ಇಳಿಯುತ್ತದೆ. ಅರ್ಜೆಂಟೀನಾದ ನಹುಯೆಲ್ ಹುವಾಪಿ ಸರೋವರದಲ್ಲಿ ಕೊಳವೆ ಇಳಿಸಿ ಕೆಸರು ತೆಗೆದರೆ ಕಂದು ಮಣ್ಣಿನ ನಡುವೆ ಬೂದಿಯ ಪದರ ಕಾಣುತ್ತದೆ. 1960ರ ಮೇನಲ್ಲಿ ಚಿಲಿಯ ದೊಡ್ಡ ಭೂಕಂಪದ ಬೆನ್ನಿಗೇ ಕಾರ್ಡೋನ್ ಕೌಯೆ ಜ್ವಾಲಾಮುಖಿ ಸಿಡಿದಾಗ ಬಿದ್ದದ್ದು. ಪಾದರಸ ಆ ಬೂದಿಯಲ್ಲೇ ತುಂಬಿರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಬೂದಿಯ ಪದರದಲ್ಲೇ ಅದು ಕಡಿಮೆ. ಪಾದರಸ ಹಿಡಿದಿಡುವುದು ಕೊಳೆತ ಎಲೆ, ಪಾಚಿಯಂಥ ಸಾವಯವ ವಸ್ತು. ಬೂದಿಯಲ್ಲಿ ಅದೆಲ್ಲಿದೆ? ಹಾಗಾಗಿ ಪಾದರಸವನ್ನು ಸಾವಯವ ಇಂಗಾಲದ ಜೊತೆ ತೂಗಿ ನೋಡದವರ ಗ್ರಾಫನ್ನು ನಾನು ನಂಬುವುದಿಲ್ಲ. ಪಾಚಿ ಹೆಚ್ಚಿದ ವರ್ಷವೂ ಗೆರೆ ಮೇಲೇರುತ್ತದೆ, ಅಷ್ಟೆ.

ಇನ್ನೊಂದು ತೊಡಕು ಕಾಡಿನದು. ಮಣ್ಣಲ್ಲಿ ನೂರಾರು ವರ್ಷ ಕೂತ ಪಾದರಸ ಕಾಡ್ಗಿಚ್ಚಿನ ನಂತರ ಹೊಳೆ ಸೇರಿ ಸರೋವರಕ್ಕೆ ಬರುತ್ತದೆ. ಅದೇ ಸೀಮೆಯ ಸರೋವರಗಳಲ್ಲಿ ಕಾರ್ಖಾನೆಗಳು ಹುಟ್ಟುವ ಮೊದಲಿನ ಪದರಗಳಲ್ಲೂ ಪಾದರಸ ಏರಿದ್ದು ಸಿಕ್ಕಿದೆ. ಅಧ್ಯಯನ ಮಾಡಿದವರು ಜ್ವಾಲಾಮುಖಿಯ ಜೊತೆಗೆ ಬೆಂಕಿಯನ್ನೂ ಹೆಸರಿಸಿದ್ದಾರೆ. ಸರಿಯಾದ ಮಾತು.

ಇನ್ನು ಇಸವಿಯ ವಿಷಯ. ಸೀಸ-210 ಎಂಬ ವಿಕಿರಣಶೀಲ ಸೀಸದಿಂದ ಕೆಸರಿನ ವಯಸ್ಸನ್ನು ನೂರು, ಹೆಚ್ಚೆಂದರೆ ನೂರೈವತ್ತು ವರ್ಷ ಹಿಂದಕ್ಕೆ ಹೇಳಬಹುದು. ಅದರಾಚೆ ಇಂಗಾಲ-14, ಅದರಲ್ಲಿ ಹತ್ತಾರು ವರ್ಷ ಆಚೀಚೆ ಮಾಮೂಲು. ಇಂಡೋನೇಷ್ಯಾದ ಟ್ಯಾಂಬೋರಾ ಜ್ವಾಲಾಮುಖಿ ಸಿಡಿದ 1815 ಬೀಳುವುದು ಸರಿಯಾಗಿ ಈ ಎರಡರ ಸಂದಿನಲ್ಲಿ! ಅಮೆರಿಕದ ವಯೋಮಿಂಗ್‌ನ ಹಿಮನದಿಯೊಂದರ ಕತೆ ಕೇಳಿ. 2002ರಲ್ಲಿ ಅದರ ಮಂಜಿನಲ್ಲಿ ಟ್ಯಾಂಬೋರಾ, 1883ರ ಕ್ರಕಟೋವಾ ಎರಡರ ಪಾದರಸವನ್ನೂ ಗುರುತಿಸಿದರು. 2017ರಲ್ಲಿ ಮರದ ಉಂಗುರಗಳ ಜೊತೆ ಹೋಲಿಸಿ ವಯಸ್ಸನ್ನು ಮತ್ತೆ ಲೆಕ್ಕ ಹಾಕಿದಾಗ ಕೆಲವು ಪದರಗಳು 80 ವರ್ಷದವರೆಗೆ ಜರುಗಿದವು. 19ನೇ ಶತಮಾನದ ಚಿನ್ನದ ಬೇಟೆಯ ಕಾಲದ್ದೆಂದುಕೊಂಡಿದ್ದ ಪಾದರಸ 20ನೇ ಶತಮಾನದ ಆರಂಭದ ಕೈಗಾರಿಕೆಯ ಹೊಗೆಯ ಕಾಲಕ್ಕೆ ಬಂದು ನಿಂತಿತು. ಉತ್ತರ ಅಮೆರಿಕದ ಬೇರೆ ಸರೋವರಗಳ ಕೆಸರು ಹೇಳುತ್ತಿದ್ದದ್ದೂ ಅದನ್ನೇ.

ಮನುಷ್ಯರು 2015ರಲ್ಲಿ ಗಾಳಿಗೆ ಬಿಟ್ಟ ಪಾದರಸ ಸುಮಾರು 2,200 ಟನ್. ಮುಖ್ಯವಾಗಿ ಸಣ್ಣ ಚಿನ್ನದ ಗಣಿ ಮತ್ತು ಕಲ್ಲಿದ್ದಲು. ಕೊಡೈಕೆನಾಲ್ ಸರೋವರದ ಕೆಸರಿಗೆ ಪಾದರಸ ಸೇರಿಸಿದ್ದು ಥರ್ಮಾಮೀಟರ್ ಕಾರ್ಖಾನೆ. ಅಲ್ಲಿ ಯಾವ ಬೆಟ್ಟವೂ ಸಿಡಿದಿರಲಿಲ್ಲ, ಅಲ್ವಾ?

ಪ್ರಶ್ನೆ: ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯಿಂದ ಬೆಂಗಳೂರಿನ ಕೆರೆಗಳಿಗೆ ಅಪಾಯವೇ?

ಮೊದಲು ಕೆರೆಗೆ ಬೀಳುವ ರಾಜಕಾಲುವೆ ನೋಡಿ.

ಪ್ರಶ್ನೆ: ರಸಲಿಂಗವನ್ನು ಹಾಲಿನಲ್ಲಿಟ್ಟು ಕುಡಿದರೆ ಆರೋಗ್ಯಕ್ಕೆ ಒಳ್ಳೆಯದಂತೆ. ಪಾದರಸ ನೈಸರ್ಗಿಕ ತಾನೆ?

ಹಾವಿನ ವಿಷವೂ ನೈಸರ್ಗಿಕ. ಕುಡಿಯಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಮಾರಿದವನಿಗೇ ಮೊದಲು ಒಂದು ಲೋಟ ಕುಡಿಸಿ ನೋಡಿ, ಅಲ್ಲಿಂದ ಜಾಗ ಖಾಲಿ ಮಾಡುತ್ತಾನೆ. ಈಗಾಗಲೇ ಕುಡಿದಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಪ್ರಶ್ನೆ: ಕೆಸರಲ್ಲಿ ಚಿನ್ನದ ಉಂಗುರ ಅದ್ದಿದರೆ ಪಾದರಸ ಗೊತ್ತಾಗುತ್ತದೆಯೇ?

ಇಲ್ಲ. ಗ್ರಾಂ ಕೆಸರಿಗೆ 100 ನ್ಯಾನೊಗ್ರಾಂ ಅಂದರೆ ಕೋಟಿಯಲ್ಲಿ ಒಂದು ಪಾಲು. ಸುಮ್ನೆ ಉಂಗುರ ಕೆಸರಾಗುತ್ತದೆ.