ಸೋನಿಯಾಗೆ ಜೈಲಿನ ಕೋಣೆಯೇ ಗತಿಯಾ?

ಪ್ರಶ್ನೆ: ‘ದ ಹಿಟ್‌ಮ್ಯಾನ್ಸ್ ಬಾಡಿಗಾರ್ಡ್’ ನೋಡಿದೆವು. ಕಪ್ಪು ವರ್ಣದ ನಾಯಕ, ಮೆಕ್ಸಿಕೊದ ನಟಿ, ಏಷ್ಯಾ ಮೂಲದ ಇನ್ನೊಬ್ಬ ನಟಿ, ಎಲ್ಲರೂ ಇದ್ದಾರೆ. ಇದೇ ಅಲ್ವಾ ವೈವಿಧ್ಯ ಅಂದೆ. ಅದೆಲ್ಲ ಪೋಸ್ಟರ್‌ಗೆ ಅಷ್ಟೇ ಅಂತಾಳೆ ನನ್ನ ತಂಗಿ. ಯಾರದು ಸರಿ?

ಉತ್ತರ: ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಮಟ್ಟಿಗೆ ನಿಮ್ಮದು ಸರಿ, ಉಳಿದದ್ದಕ್ಕೆಲ್ಲ ನಿಮ್ಮ ತಂಗಿಯದೇ ಸರಿ.

2017ರ ಈ ಚಿತ್ರದಲ್ಲಿ ಜಾಕ್ಸನ್ ಸುಪಾರಿ ಹಂತಕ ಕಿನ್‌ಕೇಡ್. ಬೆಲಾರುಸ್‌ನ ಸರ್ವಾಧಿಕಾರಿಯ ವಿರುದ್ಧ ಸಾಕ್ಷಿ ಹೇಳಲು ಅವನನ್ನು ಹೇಗ್ ನಗರದ ಅಂತರರಾಷ್ಟ್ರೀಯ ಕೋರ್ಟಿಗೆ ಜೀವಂತ ತಲುಪಿಸುವುದು ಬಾಡಿಗಾರ್ಡ್ ಬ್ರೈಸ್‌ನ ಕೆಲಸ, ಆ ಪಾತ್ರ ರಯಾನ್ ರೆನಾಲ್ಡ್ಸ್ ಅವರದು. ಬೇಡಿ ಹಾಕಿದ ಕಪ್ಪು ವರ್ಣದವನು, ಅವನ ಜೊತೆಗೊಬ್ಬ ಬಿಳಿಯ. ಈ ಅಚ್ಚು ಹಳೆಯದು. 1982ರ ‘48 ಅವರ್ಸ್’ನಲ್ಲಿ ಪೊಲೀಸ್ ನಿಕ್ ನೋಲ್ಟಿ ಜೈಲಿನಿಂದ ಎಡ್ಡಿ ಮರ್ಫಿಯನ್ನು ಹೊರತರುವುದೂ ಹೀಗೇ. ಆದರೆ ಇಲ್ಲಿ ಅಚ್ಚು ಮುರಿಯುತ್ತದೆ. ದಾರಿ ಹುಡುಕುವವನು ಕಿನ್‌ಕೇಡ್, ಪ್ರೀತಿಯ ಬಗ್ಗೆ ಬುದ್ಧಿ ಹೇಳುವವನೂ ಅವನೇ, ಕೆಟ್ಟವರನ್ನು ಕೊಲ್ಲುವವನು ಹೆಚ್ಚು ಪಾಪಿಯೋ ಅವರನ್ನು ದುಡ್ಡಿಗೆ ಕಾಯುವವನು ಹೆಚ್ಚು ಪಾಪಿಯೋ ಎಂದು ಕೇಳಿ ಬ್ರೈಸ್‌ನ ಬಾಯಿ ಕಟ್ಟಿಸುವವನೂ ಅವನೇ. ನಗುವಿನ ಏಟು ತಿನ್ನುವವನು ಬಹುತೇಕ ಬಿಳಿಯ ನಾಯಕ. ಇದು ನನಗೆ ನಿಜಕ್ಕೂ ಇಷ್ಟವಾಯಿತು.

ಬೇಜಾರಾಗುವುದು ಸಲ್ಮಾ ಹಾಯೆಕ್ ಪಾತ್ರ ನೋಡಿದಾಗ. ಕಿನ್‌ಕೇಡ್‌ನ ಹೆಂಡತಿ ಸೋನಿಯಾ ಆಮ್‌ಸ್ಟರ್‌ಡ್ಯಾಂನಲ್ಲಿ ಬಂದಿ. ಅವಳ ಬಿಡುಗಡೆಗಾಗಿಯೇ ಅವನು ಸಾಕ್ಷಿ ಹೇಳಲು ಒಪ್ಪಿದ್ದು. ಅಂದರೆ ಇಡೀ ಕಥೆ ನಿಂತಿರುವುದು ಅವಳ ಮೇಲೆ, ಆದರೂ ಅವಳು ಹೆಚ್ಚಿನ ಹೊತ್ತು ಕೋಣೆಯೊಳಗೆ ಕೂತು ಬೈಯುತ್ತಿರುತ್ತಾಳೆ. ಹಾಯೆಕ್ ಅದನ್ನೂ ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆದರೆ ಕೂಗಾಡುವ ಸಿಡುಕಿನ ಮೆಕ್ಸಿಕನ್ ಹೆಣ್ಣಿನ ಪಾತ್ರದಲ್ಲಿ ಹಾಲಿವುಡ್ 1940ರ ಹೊತ್ತಿಗೇ ನಟಿ ಲೂಪೆ ವೆಲೆಸ್ ಕೈಯಲ್ಲಿ ಒಂದು ಚಿತ್ರ ಸರಣಿಯನ್ನೇ ಮಾಡಿಸಿತ್ತು. ಅಷ್ಟು ವರ್ಷ ಆದ ಮೇಲೂ, 2002ರ ‘ಫ್ರೀಡಾ’ ಚಿತ್ರಕ್ಕೆ ನಿರ್ಮಾಪಕಿಯೂ ಆಗಿ, ಅದರ ನಟನೆಗೆ ಆಸ್ಕರ್ ನಾಮನಿರ್ದೇಶನ ಪಡೆದ ನಟಿಗೆ ಇಷ್ಟೇನಾ ಕೊಡೋದು? ಎಲೋಡಿ ಯುಂಗ್ ಇಂಟರ್‌ಪೋಲ್ ಅಧಿಕಾರಿ, ಚುರುಕಿನ ಪಾತ್ರ. ಆದರೆ ಚಿತ್ರಕ್ಕೆ ಅವಳು ಮೊದಲು ಬ್ರೈಸ್‌ನ ಹಳೆ ಪ್ರೇಯಸಿ, ಆಮೇಲೆ ಅಧಿಕಾರಿ.

ಪ್ರಶ್ನೆ: ಬೆಕ್‌ಡೆಲ್ ಟೆಸ್ಟ್ ಹಾಕಿ ನೋಡಿದರೆ ಸಾಕಲ್ವಾ?

ಉತ್ತರ: ಸಾಲದು. ಆ ಟೆಸ್ಟ್ ಪ್ರಕಾರ ಚಿತ್ರದಲ್ಲಿ ಇಬ್ಬರು ಹೆಂಗಸರಿರಬೇಕು, ಪರಸ್ಪರ ಮಾತಾಡಬೇಕು, ಮಾತು ಗಂಡಸಿನ ಬಗ್ಗೆ ಆಗಿರಬಾರದು. 1985ರಲ್ಲಿ ಆಲಿಸನ್ ಬೆಕ್‌ಡೆಲ್ ತಮ್ಮ ಕಾಮಿಕ್ಸ್‌ನಲ್ಲಿ ಬರೆದದ್ದು ಇಷ್ಟೇ. ಹೆಂಗಸರನ್ನು ಪೂರ್ತಿ ಮರೆತ ಚಿತ್ರಗಳು ಇದರಲ್ಲಿ ಸಿಕ್ಕಿಬೀಳುತ್ತವೆ, ಅಷ್ಟಕ್ಕೆ ಒಳ್ಳೆಯದು. ಹಾಸ್ಯಚಿತ್ರದಲ್ಲಿ ನಾನು ನೋಡುವುದು ಬೇರೆ: ಜೋಕ್ ಯಾರು ಹೊಡೆಯುತ್ತಾರೆ, ಯಾರ ಮೇಲೆ ಹೊಡೆಯುತ್ತಾರೆ, ಆ ಪಾತ್ರಕ್ಕೆ ತನ್ನದೇ ಆದ ಆಸೆ ಏನಾದರೂ ಇದೆಯಾ.

ಪ್ರಶ್ನೆ: ಎರಡನೇ ಭಾಗ ನೋಡಬಹುದಾ?

ಉತ್ತರ: ನೋಡಿ, ಹಾಯೆಕ್‌ಗೋಸ್ಕರ ಖಂಡಿತ ನೋಡಿ. 2021ರ ಈ ಭಾಗದಲ್ಲಿ ಶೀರ್ಷಿಕೆಯಲ್ಲೇ ಹೆಂಡತಿ ಬಂದಿದ್ದಾಳೆ, ಸೋನಿಯಾ ಕೋಣೆಯಿಂದ ಹೊರಬಿದ್ದು ಇಬ್ಬರು ಗಂಡಸರನ್ನೂ ಎಳೆದುಕೊಂಡು ಓಡುತ್ತಾಳೆ. ಅವಳಿಗೊಂದು ಆಸೆಯನ್ನೂ ಕೊಟ್ಟಿದ್ದಾರೆ: ಮಗು ಬೇಕು. ಆಸೆ ತಪ್ಪಲ್ಲ, ಆದರೆ ಅವಳ ವಿಷಯದಲ್ಲಿ ಬರವಣಿಗೆ ಅದರಾಚೆ ಜಾಸ್ತಿ ಯೋಚಿಸಿಲ್ಲ. ಗ್ರೀಕ್ ಖಳನ ಪಾತ್ರ ಸ್ಪೇನಿನ ಆಂಟೋನಿಯೊ ಬಾಂಡೆರಾಸ್‌ಗೆ ಹೋಗಿದೆ, ಮೊದಲ ಭಾಗದ ಬೆಲಾರುಸ್ ಸರ್ವಾಧಿಕಾರಿಯೂ ಇಂಗ್ಲೆಂಡಿನ ಗ್ಯಾರಿ ಓಲ್ಡ್‌ಮನ್. ಎರಡಕ್ಕೂ ಪ್ಯಾಟ್ರಿಕ್ ಹ್ಯೂಸ್ ನಿರ್ದೇಶಕರು, ಎರಡನೆಯದರ ಚಿತ್ರಕಥೆಗೆ ಹೆಸರಿರುವ ಮೂವರೂ ಗಂಡಸರು. ಚಿತ್ರಕಥೆ ಬರೆಯುವ ಕೋಣೆಯಲ್ಲಿ ಒಬ್ಬ ಬರಹಗಾರ್ತಿಯನ್ನು ಕೂರಿಸಿದ್ದರೆ ಸೋನಿಯಾಗೆ ಇನ್ನೊಂದೆರಡು ಆಸೆ ಹುಟ್ಟುತ್ತಿತ್ತು ಅನ್ನೋದು ನನ್ನ ನಂಬಿಕೆ.